ಟವರ್ ಸಿಗುವ ಬಂಡೆ

ಮೊನ್ನೆ ಮಡಿಕೇರಿಯ ಬಸ್‌ಸ್ಟ್ಯಾಂಡ್ ಹತ್ತಿರ ಚಹಾ ಕುಡಿಯುವಾಗ ಲೋಟದಿಂದ ಮಜ್ಜಿಗೆಹುಲ್ಲಿನ ವಾಸನೆ ಬಂತು. ಕೂಡಲೇ ಅಮ್ಮನ ಸೀರೆಯ ಅಂಚು ನೆನಪಾಯಿತು. ಚಿಕ್ಕಂದಿನಲ್ಲಿ ನಾವಿದ್ದದ್ದು ಊರ ದೇವಸ್ಥಾನದ ಹಿಂದಿನ ಹೆಂಚಿನ ಮನೆಯಲ್ಲಿ. ಆ ಮನೆ ಈಗಿಲ್ಲ, ಅದರ ಜಾಗದಲ್ಲಿ ವಾಹನ ನಿಲ್ಲಿಸುತ್ತಾರೆ. ಮನೆಯ ಮೇಲಿನ ಗುಡ್ಡದಲ್ಲಿ ಒಂದು ಬೋಳು ಬಂಡೆಯಿತ್ತು, ಅಲ್ಲಿಗೆ ಹೋಗುವ ದಾರಿಯ ಎರಡೂ ಬದಿಗೆ ಆ ಹುಲ್ಲು ಬೆಳೆದಿತ್ತು. ಸಂಜೆ ಅಮ್ಮ ಒಲೆಯ ಮುಂದೆ ಕೂತರೆ ಸೀರೆಯಿಂದ ನಿಂಬೆಯಂಥ ಘಮ ಏಳುತ್ತಿತ್ತು. ಜಗಲಿಯಲ್ಲಿದ್ದ ಅಜ್ಜ ಮೂಗರಳಿಸಿ, "ಮತ್ತೆ ಬಂಡೆಗೆ ಹೋಗಿದ್ದೆಯಾ?" ಎಂದು ಕೇಳುತ್ತಿದ್ದರು.

"ಇಲ್ಲಿ ಟವರ್ ಸಿಗಲ್ಲ ಮಾವ, ಅಲ್ಲಿ ಸಿಗುತ್ತೆ" ಎನ್ನುತ್ತಿದ್ದಳು ಅಮ್ಮ. ಅಪ್ಪನಿಗೆ ಕೊಡ್ಲಿಪೇಟೆಯಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಊರಿಗೆ ಮೊಬೈಲ್ ಬಂದ ಹೊಸದರಲ್ಲಿ ಅಮ್ಮನಿಗೂ ಒಂದು ಕೊಡಿಸಿದ್ದರು.

ಅಜ್ಜ ಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದವರು. ಹೊಸ ಮಾತೊಂದು ಮನೆಯೊಳಗೆ ಬಂದರೆ ಅದರ ಊರು ಕೇರಿ ವಿಚಾರಿಸದೆ ಬಿಡುತ್ತಿರಲಿಲ್ಲ. ಟವರ್ ಎಂದರೆ ಗೋಪುರ, ಆ ಮಾತಿಗೆ ಕೆಲವರು ಹಸುಗಳ ಊರು ಎಂದು ಅರ್ಥ ಹೇಳುತ್ತಾರೆ, ಇನ್ನು ಕೆಲವರು ‘ಕೋ’ ಎಂದರೆ ಅರಸ, ಅವನ ಊರಬಾಗಿಲು ಎನ್ನುತ್ತಾರೆ, ನನಗೆ ಎರಡರ ಮೇಲೂ ನಂಬಿಕೆಯಿಲ್ಲ ಎಂದು ಅವರು ನನಗೆ ಹೇಳಿದ್ದುಂಟು. ಟವರ್ ಇಂಗ್ಲಿಷಿಗೆ ಲ್ಯಾಟಿನ್ನಿನಿಂದ ಬಂತಂತೆ, ಲ್ಯಾಟಿನ್ನಿಗೆ ಗ್ರೀಕಿನಿಂದ, ಅದಕ್ಕೂ ಮೊದಲು ಯಾರ ಮನೆಯದೋ ಯಾರಿಗೂ ಗೊತ್ತಿಲ್ಲವಂತೆ. "ಯಾರದೇ ಆಗಲಿ, ಎತ್ತರಕ್ಕೆ ಕಟ್ಟಿದ್ದು ತಾನೆ? ಆ ಬಂಡೆ ಮೇಲೆ ಒಂದು ಇಟ್ಟಿಗೆಯೂ ಇಲ್ಲ. ಇಲ್ಲದ್ದು ಸಿಗೋದು ಹೇಗೆ?" ಎಂದು ಅಮ್ಮನ ಬೆನ್ನನ್ನೇ ನೋಡುತ್ತಾ ಕೇಳುತ್ತಿದ್ದರು. ಅಮ್ಮ ಏನೋ ಮುಚ್ಚಿಡುತ್ತಿದ್ದಾಳೆ ಎಂಬುದು ಅವರಿಗೆ ಖಾತ್ರಿಯಾಗಿತ್ತು.

ಇಂಥದೇ ವಿಚಾರಣೆ ಆ ಮನೆಯಲ್ಲಿ ಹಿಂದೊಮ್ಮೆ ನಡೆದಿತ್ತು. ಅಜ್ಜನ ಮಗಳು ಸುಮತಿ ಅತ್ತೆ ಕೇರಳದ ಗಡಿಯ ಮಾಕುಟ್ಟದಾಚೆಯ ಮಲಯಾಳಿ ಲಾರಿ ಡ್ರೈವರನ್ನು ಮದುವೆಯಾಗುತ್ತೇನೆ ಎಂದಾಗ ಅಜ್ಜ, "ಅವನ ಮೂಲ ಏನು?" ಎಂದು ಕೇಳಿದ್ದರಂತೆ. ಅತ್ತೆ ಅವನ ಜೊತೆ ಹೊರಟುಹೋದಳು. ಅಂದಿನಿಂದ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.

ಒಂದು ಭಾನುವಾರ ಊಟದ ಹೊತ್ತಿಗೆ ಅಜ್ಜ ಅಪ್ಪನನ್ನು, "ನೀನು ದಿನಾ ಸಂಜೆ ಫೋನ್ ಮಾಡ್ತೀಯಾ?" ಎಂದು ಕೇಳಿದರು. "ದಿನಾ ಯಾಕೆ? ಬುಧವಾರ ಒಂದ್ಸಲ ಮಾಡ್ತೀನಿ" ಎಂದರು ಅಪ್ಪ. ಬಡಿಸುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತಿತು. ಅಜ್ಜ ಮಜ್ಜಿಗೆಯನ್ನೂ ಹಾಕಿಸಿಕೊಳ್ಳದೆ ಎದ್ದರು.

ಮರುದಿನ ಅಪ್ಪ ಹೋದ ಮೇಲೆ, ಸಂಜೆ ಅಮ್ಮ ಹೊರಟು ಸ್ವಲ್ಪ ಹೊತ್ತಿಗೆ, ಅಜ್ಜ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ನನ್ನ ಹೆಗಲು ಹಿಡಿದು ಗುಡ್ಡ ಹತ್ತಿದರು. ಅಮ್ಮ ನಮಗೆ ಬೆನ್ನು ಮಾಡಿ ಬಂಡೆಯ ತುದಿಯಲ್ಲಿ ನಿಂತಿದ್ದಳು. "ಮಗೂಗೆ ಜ್ವರ ಬಿಡ್ತಾ? ಇಲ್ಲಿ ಮಾವಂಗೆ ಕೆಮ್ಮು ಕಡಿಮೆಯಾಗಿದೆ. ಇಲ್ಲ ಸುಮತಿ, ಅವರು ನಿನ್ನ ಹೆಸರು ಎತ್ತಲ್ಲ. ಆದ್ರೆ ನಿನ್ನ ತಟ್ಟೆ ಬೇರೆ ಯಾರಿಗೂ ಹಾಕೋಕೆ ಬಿಡಲ್ಲ" ಎನ್ನುತ್ತಿದ್ದಳು.

ನನ್ನ ಹೆಗಲ ಮೇಲಿನ ಬೆರಳುಗಳು ಬಿಗಿಯಾದವು. ಅಮ್ಮ ತಿರುಗಿ ನಮ್ಮನ್ನು ನೋಡಿದಳು. ಆದರೂ ಅವಳು ಫೋನ್ ಕಟ್ ಮಾಡಲಿಲ್ಲ. ಹತ್ತಿರ ಬಂದು ಅದನ್ನು ಅಜ್ಜನ ಕಿವಿಗೆ ಹಿಡಿದಳು. ಒಳಗಿಂದ ಸಣ್ಣ ದನಿ ಕೇಳಿಸಿತು. "ಅತ್ತಿಗೆ? ಕೇಳ್ತಾ ಇದೆಯಾ? ಟವರ್ ಹೋಯ್ತಾ?"

ಅಜ್ಜ ನನ್ನ ಹೆಗಲು ಬಿಟ್ಟು ಫೋನನ್ನು ತಾವೇ ಹಿಡಿದುಕೊಂಡರು.

"ಇದೆ" ಎಂದರು. "ಟವರ್ ಇದೆ. ಹೇಳು."

ಮುಂದೆ ಮಂಡಿ ಒಪ್ಪುವವರೆಗೂ ಅವರು ಬಂಡೆ ಹತ್ತಿದರು. ಮಳೆ, ಮೊಮ್ಮಗುವಿನ ಹಲ್ಲು, ಅಲ್ಲಿನ ಮೀನಿನ ವಾಸನೆ, ಎಲ್ಲವನ್ನೂ ಕೇಳುತ್ತಿದ್ದರು. ಮನೆಗೆ ಬಾ ಎಂದು ಮಾತ್ರ ಹೇಳಲಿಲ್ಲ, ಅತ್ತೆಯೂ ಬರಲೇ ಎಂದು ಕೇಳಲಿಲ್ಲ. ಅವರಲ್ಲಿ ಯಾರು ಯಾರಿಗಾಗಿ ಕಾಯುತ್ತಿದ್ದರೋ ನನಗೆ ಇವತ್ತಿಗೂ ತಿಳಿಯದು.

ಅಜ್ಜ ತೀರಿಕೊಂಡ ದಿನ ಅತ್ತೆ ಬಂದಳು. ಅವಳ ಗಂಡ ಗೇಟಿನ ಹೊರಗೇ ನಿಂತಿದ್ದರು, ಅಪ್ಪ ಹೋಗಿ ಕರೆದುಕೊಂಡು ಬಂದರು. ಅತ್ತೆ ಅಳಲಿಲ್ಲ. ಅಜ್ಜನ ಬಾಯಿಗೆ ನೀರು ಬಿಡಲು ತಾನೇ ತರುತ್ತೇನೆಂದು ಕತ್ತಲೆಯ ಅಡುಗೆಮನೆಗೆ ಹೋದವಳು ಬಹಳ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಬಾಗಿಲ ಎಡಗಡೆಯ ಗೋಡೆಯನ್ನು ತಡವುತ್ತಾ ನಿಂತಿದ್ದಳು. ಸ್ವಿಚ್ಚನ್ನು ಬಲಗಡೆಗೆ ಹಾಕಿಸಿದ್ದು ಅವಳು ಹೋದ ಮೇಲೆ. ಅಮ್ಮ ನನ್ನನ್ನು ದಾಟಿ ಒಳಗೆ ಹೋಗಿ ದೀಪ ಹಾಕಿದಳು.