ತಂಗಿ ಎಳೆದ ಕೆಂಪು ಗೆರೆ

ನನ್ನ ತಂಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದು ವೆಲ್ಡಿಂಗಿಗೆ ಸೇರಿದವನು. ಆದರೂ ಅವಳ ಬಗ್ಗೆ ಬರೆಯಲು ನನಗಿಂತ ಹತ್ತಿರದವರು ಯಾರೂ ಇಲ್ಲ.

ಅವಳು ಎಂಎಸ್ಸಿ ಮೊದಲ ವರ್ಷದಲ್ಲಿದ್ದಾಗ ಅಮ್ಮ ಹಾಸಿಗೆ ಹಿಡಿದರು. ಮನೆಯಲ್ಲಿ ಯಾರಾದರೂ ಇರಬೇಕಿತ್ತು. ನೀನೇ ಇರು ಅಂತ ಯಾರೂ ಅವಳಿಗೆ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಅವಳೇ ಪುಸ್ತಕ ಕಟ್ಟಿಟ್ಟಳು. ಸಂಶೋಧನೆ ಮಾಡಬೇಕು ಅಂತಿದ್ದವಳು ಇಪ್ಪತ್ಮೂರು ವರ್ಷ ಮಕ್ಕಳ ಪ್ರಾಕ್ಟಿಕಲ್ ಪುಸ್ತಕ ತಿದ್ದಿದಳು. ಹೋದ ವರ್ಷದವರು ಮಾಡಿದ್ದನ್ನೇ ಈ ವರ್ಷದವರೂ ಮಾಡಬೇಕು, ಅದೇ ಉತ್ತರ ಬರಬೇಕು. ಬಾರದಿದ್ದರೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ, ಪಕ್ಕದಲ್ಲಿ ‘ಮತ್ತೊಮ್ಮೆ ನೋಡು’.

ಕಳೆದ ವರ್ಷ ವಿಶ್ವವಿದ್ಯಾಲಯದಿಂದ ಒಬ್ಬ ಸಂಶೋಧಕಿ ಬೇರೆ ಊರುಗಳ ಶಾಲೆಗಳಿಗೆ ಹೋದ ಹಾಗೆ ತಂಗಿಯ ಶಾಲೆಗೂ ಬಂದರು. ಊರಿನ ಯಾವ ಬೀದಿಯ ಮನೆಗಳು ಬಿಸಿಲಿಗೆ ಎಷ್ಟು ಕಾಯುತ್ತವೆ ಅಂತ ಅಳೆಯಬೇಕು, ಅದನ್ನು ಮಕ್ಕಳೇ ಅಳೆಯಲಿ, ಇದು ನಿಜವಾದ ಸಂಶೋಧನೆ, ಉತ್ತರ ನಮಗೂ ಗೊತ್ತಿಲ್ಲ ಅಂದರಂತೆ. ನಲವತ್ತಮೂರು ಮಕ್ಕಳಿಗೆ ಒಂದೊಂದು ಥರ್ಮಾಮೀಟರು. ಮನೆಯೊಳಗಿನ ಗೋಡೆಗೆ ನೇತುಹಾಕಿ ಸಂಜೆ ಐದಕ್ಕೆ ನೋಡಿ ಬರೆಯಬೇಕು. ನೇತುಹಾಕುವ ಕೊಕ್ಕೆ ಅಷ್ಟನ್ನೂ ನಾನೇ ಮಾಡಿಕೊಟ್ಟೆ. ಎಂಟು ತಿಂಗಳು ತಂಗಿ ಭಾನುವಾರ ಅನ್ನದೆ ಪುಸ್ತಕ ನೋಡಿದಳು, ಅಂಕಿಗಳನ್ನು ಸೇರಿಸಿ ಕಳಿಸಿದಳು. ಕಣ್ಣ ಕೆಳಗೆ ಕಪ್ಪು ಬಂತು. ಪ್ರಬಂಧ ಅಚ್ಚಾದಾಗ ಶಾಲೆಯ ಹೆಸರಿನ ಜೊತೆ ಅವಳ ಹೆಸರೂ ಇರುತ್ತೆ ಅಂತ ಸಂಶೋಧಕಿ ಹೇಳಿದ ದಿನ ಮಾತ್ರ ನನ್ನ ಅಂಗಡಿಗೆ ಬಂದು ಸುಮ್ಮನೆ ನಿಂತು ನಕ್ಕಳು.

ಪ್ರಬಂಧದ ಕರಡು ಬಂತು. ನಮ್ಮ ಊರಿನಲ್ಲಿ ಬೀದಿ ಬೀದಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ ಅಂತ ಅದರಲ್ಲಿತ್ತು. ಅವಳು ಓದಿ ಹೇಳಿದ್ದೇ ತಡ, ನನಗೆ ಪಿತ್ತ ನೆತ್ತಿಗೇರಿತು. ನಮ್ಮದು ತಗಡಿನ ಸಾಲುಮನೆ. ಬೇಸಿಗೆಯಲ್ಲಿ ಒಳಗೆ ಕೂತರೆ ಬಾಣಲೆಯಲ್ಲಿ ಕೂತ ಹಾಗೆ. ಮರವಿರುವ ಬೀದಿಗೂ ನಮ್ಮ ಬೀದಿಗೂ ಒಂದೇ ಅನ್ನುವವರು ಇಲ್ಲಿ ಬಂದು ಒಂದು ವಾರ ಸಂಸಾರ ಮಾಡಲಿ ಅಂತ ಕೂಗಾಡಿದೆ. ವಿಶ್ವವಿದ್ಯಾಲಯವನ್ನು ಬೈದೆ, ಥರ್ಮಾಮೀಟರನ್ನು ಬೈದೆ, ಕೊನೆಗೆ ತಂಗಿಯನ್ನೂ ಬೈದೆ.

ಆ ನಲವತ್ತಮೂರು ಮಕ್ಕಳಲ್ಲಿ ಒಬ್ಬಳು, ಒಂಬತ್ತನೇ ಕ್ಲಾಸಿನ ನನ್ನ ಮಗಳು, ಅಲ್ಲೇ ಪಾಠ ಬರೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು:

“ನಮ್ಮನೇಲಿ ಮೊದಲು ನಲವತ್ತೊಂದು ಬರ್ತಿತ್ತು ಅಪ್ಪಾ. ಅತ್ತೆ ಕೆಂಪು ಗೆರೆ ಹಾಕಿದ್ರು. ಆಮೇಲಿಂದ ನಾನು ಮೂವತ್ತಾರು ಬರೆದೆ.”

“ಮೂವತ್ತಾರು ಎಲ್ಲಿಂದ ತಂದೆ?”

“ಎಲ್ಲರದ್ದೂ ಅಷ್ಟೇ ಇತ್ತಲ್ಲ.”

ಮಾರನೇ ದಿನ ತಂಗಿ ಮಕ್ಕಳ ಅಷ್ಟೂ ಪುಸ್ತಕ ನನ್ನ ಅಂಗಡಿಗೇ ಹೊತ್ತು ತಂದು ಬೆಂಚಿನ ಮೇಲೆ ಹರಡಿಕೊಂಡಳು. ಪೆನ್ಸಿಲಿನಲ್ಲಿ ಬರೆದದ್ದು. ರಬ್ಬರಿನಿಂದ ಅಳಿಸಿದ ಜಾಗ ಬೆಳಕಿಗೆ ಹಿಡಿದರೆ ತೆಳ್ಳಗೆ ಕಾಣುತ್ತಿತ್ತು. ಮೊದಲ ಎರಡು ವಾರ ಅಂಕಿಗಳು ಏರುಪೇರಾಗಿದ್ದವು. ಎಲ್ಲೆಲ್ಲಿ ತೀರಾ ಬೇರೆ ಅಂಕಿ ಇತ್ತೋ ಅಲ್ಲೆಲ್ಲ ಅವಳದೇ ಕೆಂಪು ಗೆರೆ. ಬೇಕೆಂದು ಹಾಕಿದ್ದಲ್ಲ, ಇಪ್ಪತ್ಮೂರು ವರ್ಷದಿಂದ ಕೈಗೆ ಅಂಟಿದ ಚಾಳಿ. ಮಕ್ಕಳಿಗೂ ಹಾಗೇ ಅರ್ಥವಾಯಿತು: ಮೇಡಂಗೆ ಬೇಕಾದ ಉತ್ತರ ಇನ್ನೆಲ್ಲೋ ಇದೆ, ಜಾಣರ ಪುಸ್ತಕ ನೋಡಿ ಬರೆದರಾಯಿತು. ಮೂರನೇ ವಾರದಿಂದ ಊರಿಗೆ ಊರೇ ಮೂವತ್ತಾರು, ಮಳೆ ಬಂದು ಇಳಿದರೂ ಎಲ್ಲರದ್ದೂ ಒಟ್ಟಿಗೇ ಇಳಿದಿತ್ತು.

ಅವಳ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಬಿಟ್ಟುಬಿಡು, ಯಾರಿಗೆ ಗೊತ್ತಾಗುತ್ತೆ, ಹೆಸರು ಬರಲಿ, ನಮ್ಮ ಮನೆ ಕಾಯುವುದು ಪ್ರಬಂಧದಿಂದ ನಿಲ್ಲುತ್ತದೆಯೇ ಅಂತ ನಾನೇ ಅಂದೆ. ಹಿಂದಿನ ದಿನ ಕೂಗಾಡಿದವನು ನಾನೇ.

“ನಾನು ಅಳಿಸಿದ್ದು ನಿನ್ನ ಮನೆ ಬಿಸೀನ ಅಣ್ಣಾ,” ಅಂದಳು.

ಸ್ಟಾಫ್ ರೂಮಿನಲ್ಲಿ ಕಿವಿಗಳು ಜಾಸ್ತಿ ಅಂತ ನನ್ನ ಅಂಗಡಿಯಿಂದಲೇ ಸಂಶೋಧಕಿಗೆ ಫೋನ್ ಮಾಡಿದಳು. ನಾನು ಗ್ರೈಂಡರ್ ನಿಲ್ಲಿಸಿದೆ. ಮಕ್ಕಳದು ತಪ್ಪಿಲ್ಲ, ತಪ್ಪು ನನ್ನದು, ಆ ಅಂಕಿಗಳನ್ನು ಬಳಸಬೇಡಿ ಅಂತ ಮೂರು ಸಲ ಹೇಳಿದಳು. ಆ ಕಡೆಯಿಂದ ಸಂಶೋಧಕಿ, ಹೇಳಿದ್ದು ಒಳ್ಳೆಯದಾಯಿತು ಮೇಡಂ, ಆದರೆ ಪ್ರಬಂಧ ಕಳಿಸುವ ದಿನ ಹತ್ತಿರ ಬಂದಿದೆ, ನಿಮ್ಮ ಶಾಲೆಯನ್ನು ಕೈಬಿಡಬೇಕಾಗುತ್ತೆ ಅಂದರಂತೆ. ಬೇಕಿದ್ದರೆ ಮೊದಲಿಂದ ಶುರು ಮಾಡಿ, ಥರ್ಮಾಮೀಟರ್ ನಿಮ್ಮಲ್ಲೇ ಇರಲಿ ಅಂತಲೂ ಅಂದರು. ಇವಳು ಆಯಿತು ಅಂದು ಫೋನಿಟ್ಟು, ಬೆಂಚಿನ ಮೇಲೆ ಕೂತು, ಒಂದು ಲೋಟ ನೀರು ಕೇಳಿದಳು.

ಹೆಡ್‌ಮಾಸ್ಟರಿಗೆ ಹೇಳಿ ಬೈಸಿಕೊಂಡಳು. ಕ್ಲಾಸಿನಲ್ಲಿ ಮಕ್ಕಳ ಮುಂದೆ ನಿಂತು, ಕಂಡದ್ದನ್ನು ಕಂಡ ಹಾಗೆ ಬರೆಯಿರಿ, ಇನ್ನು ಗೆರೆ ಹಾಕುವುದಿಲ್ಲ ಅಂದಳು. ಹಾಗಾದರೆ ಇದಕ್ಕೆ ಮಾರ್ಕ್ಸ್ ಇಲ್ಲವಾ ಮೇಡಂ ಅಂತ ಹಿಂದಿನ ಬೆಂಚಿನಿಂದ ಕೇಳಿದರಂತೆ. ಇಲ್ಲ ಅಂದಳು. ಮಾರನೇ ದಿನ ಇಪ್ಪತ್ನಾಲ್ಕು ಥರ್ಮಾಮೀಟರು ಮೇಜಿಗೆ ವಾಪಸು ಬಂದವು.

ಉಳಿದ ಹತ್ತೊಂಬತ್ತು ಮಕ್ಕಳ ಜೊತೆ ಮತ್ತೆ ಶುರು ಮಾಡಿದ್ದಾಳೆ. ನನಗೆ ಬರುವುದು ಸಿಟ್ಟು, ಅವಳಿಗೆ ಬರುವುದು ಸುಸ್ತು. ಶಾಲೆ ಬಿಟ್ಟ ಮೇಲೆ ದಿನಕ್ಕೊಂದು ಮನೆಗೆ ಹೋಗುತ್ತಾಳೆ, ಮಕ್ಕಳು ಥರ್ಮಾಮೀಟರ್ ನೋಡಿ ಬರೆಯುವಾಗ ಪಕ್ಕದಲ್ಲಿ ನಿಲ್ಲುತ್ತಾಳೆ, ಬಾಯಿ ಬಿಡುವುದಿಲ್ಲ.

ನಿನ್ನೆ ನಮ್ಮ ಮನೆ ಸರದಿ. ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ತಂಗಿಗೆ ಕುರ್ಚಿ ಹಾಕಿಕೊಟ್ಟೆ. ಐದಾದಾಗ ಮಗಳು ಗಡಿಯಾರ ನೋಡಿ, ಥರ್ಮಾಮೀಟರ್ ನೋಡಿ, ಪೆನ್ನಿನಲ್ಲಿ ನಲವತ್ತು ಅಂತ ಬರೆದಳು. ತೋರಿಸೋಣ ಅಂತ ತಿರುಗಿದರೆ ಅವಳ ಅತ್ತೆ ಆ ಸೆಕೆಯಲ್ಲೇ ಕತ್ತು ವಾಲಿಸಿ ನಿದ್ದೆ ಹೋಗಿದ್ದಳು.

ಎಬ್ಬಿಸಬೇಡ ಅಂದೆ.