ಉಸಿರು ತೋರಿಸಿ ಗಾಡಿ ಹೊರಡಿಸುತ್ತಿದ್ದವರು

ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸೊಂಟವನ್ನು ತುಸು ಬಾಗಿಸಿ, ನರೆತ ಮೀಸೆಯ ಕೆಳಗೆ ತುಟಿಗಳನ್ನು ದುಂಡಗೆ ಮಾಡಿ, ಎದುರಿನವರ ಮುಖದತ್ತ ಮೆಲ್ಲಗೆ ಉಸಿರು ಬಿಡುತ್ತಿದ್ದ ಭಂಗಿಯಲ್ಲಿಯೇ ಅವರು ನನ್ನ ಮನಸ್ಸಿನಲ್ಲಿ ಉಳಿದಿದ್ದಾರೆ. ಆ ಉಸಿರಿಗೆ ಯಾವ ವಾಸನೆಯೂ ಇರುತ್ತಿರಲಿಲ್ಲ. ಎಲೆ ಅಡಿಕೆಯದಿಲ್ಲ, ಲವಂಗದ್ದಿಲ್ಲ, ಉಳ್ಳಾಗಡ್ಡಿಯದೂ ಇಲ್ಲ. ಇನ್ನೊಂದು ವಾಸನೆಯನ್ನು ಮರೆಮಾಡಬಹುದಾದ ಯಾವ ಪದಾರ್ಥವನ್ನೂ ಅವರು ಬಾಯಿಗೆ ಹಾಕುತ್ತಿರಲಿಲ್ಲ. ಗಾಡಿ ಹೊರಡುವ ಮುನ್ನ ತಂಬಿಗೆಯ ನೀರಿನಿಂದ ಬಾಯಿ ಮುಕ್ಕಳಿಸಿ, ಪ್ರತಿಯೊಬ್ಬ ಪ್ರಯಾಣಿಕನ ಎದುರಿಗೂ ಹೀಗೆ ನಿಲ್ಲುವುದು ಬೆಟಗೇರಿಯ ಆ ಮೂರು ಗಾಲಿಯ ಟಂಟಂ ಗಾಡಿಯ ಚಾಲಕರು ಹಿಡಿದಿದ್ದ ವ್ರತ.

ಸಂಸ್ಕೃತ ಪಾಠಶಾಲೆಯಿಂದ ನಿವೃತ್ತನಾದ ಮೇಲೆ ಸುತ್ತಲಿನ ಹಳ್ಳಿಗಳಲ್ಲಿ ಪುರಾಣ ಹೇಳುವುದು ನನ್ನ ಪಾಲಿಗೆ ಬಂದಿತ್ತು. ಒಂದು ಶ್ರಾವಣದ ಮಧ್ಯಾಹ್ನ ಅಸುಂಡಿಗೆ ಹೋಗಬೇಕಾಗಿತ್ತು. ಮಡಿಯುಟ್ಟು, ಪುರಾಣದ ಗಂಟನ್ನು ಎದೆಗವಚಿಕೊಂಡು ರಸ್ತೆಯ ಬದಿಗೆ ನಿಂತಿದ್ದೆ. ಟಂಟಂ ಬಂದು ನಿಂತಿತು. ಚಾಲಕರು ಇಳಿದು ನನ್ನ ಮುಂದೆ ಬಾಗಿದರು.

“ಹತ್ತೂಕಿಂತ ಮೊದ್ಲ ನನ್ನ ಉಸಿರು ನೋಡ್ರಿ, ಆಚಾರ್ರ.”

ನಾನು ಥಟ್ಟನೆ ಹಿಂದೆ ಸರಿದೆ. “ದೂರ ನಿಂದ್ರಪಾ! ಮಡಿಯೊಳಗ ಇದ್ದೀನಿ.”

“ಮಡಿ ಉಳೀಬೇಕಂದ್ರ ಮೊದ್ಲ ನೀವು ಉಳೀಬೇಕಲ್ರಿ.”

ಹಿಂದೆ ಕುಳಿತಿದ್ದ ಕಾಯಿಪಲ್ಲೆ ಮಾರುವ ಮುದುಕಿ ಗಹಗಹಿಸಿ ನಕ್ಕಳು. “ಮೂಸಿ ಹತ್ರಿ ಅತ್ಲಾಗ, ಆಚಾರ್ರ. ನಾವೆಲ್ಲಾ ಮೂಸೇವಿ. ಇವನ ಬಾಯಿ ನಿಮ್ಮ ತೀರ್ಥಕ್ಕಿಂತ ಸಪ್ಪಗೈತಿ!”

ವಿಧಿಯಿಲ್ಲದೆ ಮುಖವನ್ನು ಮುಂದೆ ತಂದೆ. ಆಗ ಅವರು ಎಲ್ಲರಿಗೂ ಹೇಳುತ್ತಿದ್ದ ಮಾತನ್ನು ನನಗೂ ಹೇಳಿದರು. “ಒಮ್ಮೆ ಕುಡದು ಗಾಡಿ ಹೊಡದು ಸಿಕ್ಕಬಿದ್ದೀನ್ರಿ. ಮುಂಡರಗಿ ಕೋರ್ಟಿನ್ಯಾಗ ಐತಿ, ಬೇಕಾದ್ರ ತಗಸಿ ನೋಡ್ರಿ. ಒಲ್ಲೆ ಅಂದ್ರ ಬ್ಯಾರೆ ಗಾಡಿ ಕರದು ಕೊಡ್ತೀನಿ.”

ಈ ಮಾತು ಕೇಳಿ ಇಳಿದು ಹೋಗುವವರೂ ಇದ್ದರು. ಚಾಲಕರು ಬೇಸರಪಡದೆ ಬೇರೆ ಗಾಡಿಯನ್ನು ಕೈಮಾಡಿ ಕರೆದು, ಇಳಿದವರ ಗಂಟುಗಳನ್ನು ತಾವೇ ಎತ್ತಿಡುತ್ತಿದ್ದರು. ಆಮೇಲೆ ಖಾಲಿ ಗಾಡಿಯ ಮುಂದಿನ ಸೀಟಿನಲ್ಲಿ ಒಬ್ಬರೇ ಕುಳಿತು ರಸ್ತೆ ನೋಡುತ್ತಿದ್ದರು. ಅವರ ಪತ್ನಿ ತೀರಿಕೊಂಡಿದ್ದರು. ಮನೆಯಲ್ಲಿ ವಿಧವೆಯಾದ ಅಕ್ಕ ಇದ್ದರು. ಒಬ್ಬಳೇ ಮಗಳನ್ನು ಶಿರಹಟ್ಟಿಗೆ ಕೊಟ್ಟಿತ್ತು. ನನ್ನ ಮನೆಯಲ್ಲಿಯೂ ದೇವರ ದೀಪವನ್ನು ಬಿಟ್ಟರೆ ನನಗಾಗಿ ಕಾಯುವುದು ಮತ್ತೇನೂ ಇರಲಿಲ್ಲ. ಹೀಗಾಗಿ ನಾಗಾವಿಗೆ ಹೋಗಲಿ, ಬಿಂಕದಕಟ್ಟಿಗೆ ಹೋಗಲಿ, ಅವರ ಗಾಡಿಯೇ ನನ್ನ ಗಾಡಿಯಾಯಿತು. ನಾನು ಗುಡಿಯಲ್ಲಿ ಪುರಾಣ ಹೇಳುವಾಗ ಅವರು ಒಳಗೆ ಬರುತ್ತಿರಲಿಲ್ಲ. ಹೊರಗೆ ಗಾಡಿಯಲ್ಲಿಯೇ ಕುಳಿತು ಕೇಳುತ್ತಿದ್ದರು.

ಒಮ್ಮೆ ಹಿಂತಿರುಗುವಾಗ ನಾನು ಸಮಾಧಾನದ ಮಾತು ಹೇಳಿದೆ. “ರಾಜದಂಡ ತೆತ್ತವನು ಆ ದೋಷದಿಂದ ಬಿಡುಗಡೆ ಹೊಂದತಾನ ಅಂತ ನಮ್ಮ ಶಾಸ್ತ್ರ ಹೇಳತದ. ಇನ್ನ ಎಷ್ಟು ದಿನ ಇದನ್ನ ಹೇಳಿಕೋತ ತಿರಗತಿ?”

ಅವರು ಗಾಡಿಯ ವೇಗ ತಗ್ಗಿಸಿದರು. “ದಂಡ ಸರ್ಕಾರಕ್ಕ ಕೊಟ್ಟೇನ್ರಿ. ಗಾಡಿಯೊಳಗ ಕೂತವರಿಗೆ ಏನ ಕೊಟ್ಟೆ?” ಎಂದರು.

ನಾನು ಪುರಾಣದ ಗಂಟನ್ನು ಮಡಿಲಿನಲ್ಲಿ ಸರಿಪಡಿಸಿಕೊಂಡೆ.

ಮಗಳು ಬಸುರಾದಾಗ ಅವರ ಮುಖದಲ್ಲಿ ಬಂದ ಕಳೆಯನ್ನು ನಾನು ಕಂಡಿದ್ದೇನೆ. ಕುಬಸ, ಅಂದರೆ ಸೀಮಂತ, ಆದ ಮೇಲೆ ಮಗಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವುದು ನಮ್ಮ ಕಡೆಯ ಪದ್ಧತಿ. ಗಾಡಿಗೆ ಹೊಸ ಹೊದಿಕೆ ಹಾಕಿಸಿದರು, ಹಿಂದಿನ ಸೀಟಿಗೆ ಮೆತ್ತನೆಯ ಗಾದಿ ಹೊಲಿಸಿದರು. ತಮ್ಮ ಗಾಡಿಯಲ್ಲಿಯೇ ಮಗಳನ್ನು ತರಬೇಕೆಂಬುದೊಂದೇ ಅವರ ಹಂಬಲ. ಅಷ್ಟರಲ್ಲಿ ಶಿರಹಟ್ಟಿಯಿಂದ ಬೀಗರ ಫೋನು ಬಂದಿತು. ಅವರ ಮನೆಯ ಹುಡುಗನೊಬ್ಬ ನ್ಯಾಯಾಲಯಗಳ ಜಾಲತಾಣದಲ್ಲಿ ಇವರ ಹೆಸರು ಹಾಕಿ ಹುಡುಕಿದ್ದ. ಮುಂಡರಗಿಯಲ್ಲಿ ಒಂದಲ್ಲ, ಎರಡು ಪ್ರಕರಣಗಳು ಕಂಡಿದ್ದವು.

“ಎರಡನೇ ಸಲಕ್ಕ ಎರಡು ವರ್ಷ ಜೇಲ್ ಐತಂತಲ್ರಿ, ಬೀಗರ. ನೀವು ನೋಡಿದ್ರ ಒಮ್ಮೆ ಅಂತ ಹೇಳ್ತೀರಿ. ಖರೆ ಖಬರ ತಿಳಿಯೋತನಕ ಬಸುರಿ ಹೆಣ್ಣಮಗಳನ್ನ ನಿಮ್ಮ ಗಾಡಿಯೊಳಗ ಕಳಸೂದಿಲ್ಲ.”

ಮರುದಿನ ಚಾಲಕರು ನನ್ನ ಬಾಗಿಲಿಗೆ ಬಂದರು. “ಕೋರ್ಟಿನ ಕಾಗದ ತಗಸಾಕ ಅರ್ಜಿ ಬರಿಯಾಕ ನನಗ ಬರಂಗಿಲ್ರಿ, ಆಚಾರ್ರ. ಜೋಡಿ ಬರ್ರಿ.”

ಗುಡ್ಡದ ಮೇಲಿನ ಗಾಳಿಯಂತ್ರಗಳು ಮೌನವಾಗಿ ತಿರುಗುತ್ತಿದ್ದ ದಾರಿಯಲ್ಲಿ ನಾವು ಮುಂಡರಗಿಗೆ ಹೋದೆವು. ನಕಲು ಕೊಡುವ ವಿಭಾಗದ ಗುಮಾಸ್ತರು ಸಾವಧಾನದ ಮನುಷ್ಯ. ಎರಡೂ ಪ್ರಕರಣಗಳನ್ನು ತೆರೆದು ನೋಡಿ ಹೇಳಿದರು. “ಹೆಸರೊಂದು ನೋಡಿದ್ರ ಆಗಂಗಿಲ್ರಿ. ಅಪ್ಪನ ಹೆಸರು, ಊರು ನೋಡ್ಬೇಕು. ಎರಡನೇದಾಂವ ಹೊಳಿ ದಂಡಿ ಹಳ್ಳಿಯಾಂವ. ನಿಮ್ಮದು ಒಂದ ಐತಿ. ತಪ್ಪು ಒಪ್ಕೊಂಡೀರಿ, ಹತ್ತು ಸಾವಿರ ದಂಡ ಕಟ್ಟೀರಿ. ಮೊದಲ್ನೇ ಸಲಕ್ಕ ಆರು ತಿಂಗಳತನಕ ಜೇಲ್, ಇಲ್ಲಾ ಈ ದಂಡ, ಇಲ್ಲಾ ಎರಡೂ ಆಗಬಹುದಿತ್ತು. ನಿಮಗ ದಂಡಕ್ಕ ಮುಗದೈತಿ. ಇನ್ನೊಮ್ಮೆ ಸಿಕ್ರ ಮಾತ್ರ ಎರಡು ವರ್ಷದ ಮಾತು. ಲೈಸೆನ್ಸ್ ಅಮಾನತ್ತಿನದು ಬ್ಯಾರೆ ಲೆಕ್ಕ, ಅದು ಆರ್‌ಟಿಓದಾಗ.”

ನನಗೆ ಹೋದ ಜೀವ ಬಂದಂತಾಯಿತು. ಅವರು ಮಾತ್ರ ಕೇಳಿದ್ದು ಬೇರೆ. “ಆ ಇನ್ನೊಬ್ಬಾಂವ ಈಗ ಗಾಡಿ ಹೊಡೀತಾನೇನ್ರಿ?”

ಗುಮಾಸ್ತರು ಕನ್ನಡಕ ತೆಗೆದು ಅವರನ್ನೇ ನೋಡಿದರು. “ಅದನ್ನ ಕೋರ್ಟು ಬರದಿಟ್ಟಿರಂಗಿಲ್ರಿ.”

ಅರ್ಜಿ ಕೊಟ್ಟು, ಹೇಳಿದ ದಿನ ಮತ್ತೆ ಹೋಗಿ ಮೊಹರಿನ ನಕಲನ್ನು ತಂದೆವು. ಒಂದು ಸೂತ್ರದಷ್ಟು ಚಿಕ್ಕದಾಗಿತ್ತು ಆ ಆದೇಶ. ಸೂತ್ರಗಳಿಗೆ ಭಾಷ್ಯ ಹೇಳಿಯೇ ನನ್ನ ಆಯುಷ್ಯ ಕಳೆದಿತ್ತು. ಆದರೂ ಅದಕ್ಕೊಂದು ಭಾಷ್ಯ ಇರಬಹುದೆಂದು ನನಗೆ ಹೊಳೆಯಲಿಲ್ಲ.

ಶಿರಹಟ್ಟಿಯಲ್ಲಿ ಬೀಗರು ಕಾಗದವನ್ನು ಎರಡು ಸಲ ಓದಿದರು. ಎದ್ದು ಇವರ ಕೈ ಹಿಡಿದುಕೊಂಡರು. “ತಪ್ಪಾತ್ರಿ ಬೀಗರ, ಹುಡುಗ ಹೆಸರ ನೋಡಿ ಗಾಬರಿ ಮಾಡ್ದ. ಮಗಳನ್ನ ಕರಕೊಂಡು ಹೋಗ್ರಿ.”

ಮಗಳು ಹೊರಗೆ ಬಂದಳು. ಕೈತುಂಬ ಕುಬಸದ ಹಸಿರು ಬಳೆ. ಇವರು ಅವಸರದಿಂದ ಬಾಯಿ ಮುಕ್ಕಳಿಸಿ, ಕೈಗಳನ್ನು ಹಿಂದೆ ಕಟ್ಟಿ, ಅವಳ ಮುಂದೆ ಬಾಗಿದರು. ಅವಳು ಮುಖವನ್ನು ಅತ್ತ ತಿರುಗಿಸಿಕೊಂಡಳು.

“ಅಪ್ಪಾ, ನಾ ಬಸ್ಸಿಗೆ ಬರ್ತೀನಿ.”

“ಯಾಕವಾ? ಒಂದ ಸಲ ಅಂತ ಕಾಗದ ಹೇಳ್ತೈತಲ್ಲ,” ಎಂದರು ಮಾವ.

“ಆ ಕಾಗದದಾಗ ನಾ ಇಲ್ರಿ, ಮಾವಾರ. ಅವತ್ತ ಹಿಂದಿನ ಸೀಟಿನ್ಯಾಗ ನಾ ಕೂತಿದ್ದೆ. ಸಾಲಿ ಚೀಲ ಹಿಡಕೊಂಡು ‘ನಿಂದ್ರಸಪ್ಪಾ, ನಿಂದ್ರಸಪ್ಪಾ’ ಅಂತ ದಾರಿತುಂಬ ಅತ್ತೆ. ಪೊಲೀಸ್ರು ಕೈ ಮಾಡೋತನಕ ಅಪ್ಪ ನಿಂದ್ರಸಲಿಲ್ಲ.” ಅವಳ ದನಿ ತಗ್ಗಿತು. “ಸಿಟ್ಟಿಲ್ಲಪ್ಪಾ ನನಗ. ಈ ಗಾಡಿ ಚಾಲೂ ಆದ ಸಪ್ಪಳ ಕೇಳಿದ್ರ ಈಗೂ ಕೈಕಾಲು ಥಣ್ಣಗಾಗ್ತಾವ.”

ಅವರು ನೆಟ್ಟಗೆ ನಿಂತರು. “ಖರೆ ಐತಿ,” ಎಂದರು. ಆಮೇಲೆ, “ಬಸ್ಸಿಗೆ ಬಾರವ್ವಾ. ನಾ ಹಿಂದ ಬರ್ತೀನಿ.”

ಹಾಗೆಯೇ ಆಯಿತು. ಮುಂದೆ ಬಸ್ಸು, ಹಿಂದೆ ನಮ್ಮ ಟಂಟಂ. ಆ ಗಾದಿಯ ಮೇಲೆ ಯಾರೂ ಇರಲಿಲ್ಲ. ನಾನು ಮುಂದೆ ಅವರ ಪಕ್ಕದಲ್ಲಿದ್ದೆ. ಬಸ್ಸು ನಿಂತಲ್ಲೆಲ್ಲ ಅವರೂ ನಿಲ್ಲಿಸಿದರು. ಒಮ್ಮೆಯೂ ದಾಟಿ ಹೋಗಲಿಲ್ಲ. ಮುಳಗುಂದದಲ್ಲಿ ಇಳಿದು, ಎಳನೀರು ಕೊಂಡು ಬಸ್ಸಿನ ಕಿಟಕಿಗೆ ಎತ್ತಿ ಹಿಡಿದರು. ಬಳೆಗಳ ಕೈಯೊಂದು ಹೊರಗೆ ಬಂದು ಅದನ್ನು ತೆಗೆದುಕೊಂಡಿತು. ಮರಳಿ ಬಂದು ಕುಳಿತಾಗ ಅವರ ಕಣ್ಣು ರಸ್ತೆಯ ಮೇಲೆಯೇ ಇತ್ತು.

“ಮಂದಿಗೆಲ್ಲಾ ಹೇಳಿದೆ, ಆಚಾರ್ರ. ಆಕಿ ಇದ್ದದ್ದೊಂದು ಹೇಳಲಿಲ್ಲ. ಬಾಯಿ ಬರ್ತಿರಲಿಲ್ಲ.”

ಮರುದಿನದಿಂದ ಅವರ ಮಾತಿಗೆ ಒಂದು ವಾಕ್ಯ ಸೇರಿತು. “ಅವತ್ತ ಗಾಡಿಯೊಳಗ ನನ್ನ ಮಗಳಿದ್ಲು.” ಇಳಿದು ಹೋಗುವವರು ಹೆಚ್ಚಾದರು. ಕಾಯಿಪಲ್ಲೆಯ ಮುದುಕಿ ಮಾತ್ರ ಇಳಿಯಲಿಲ್ಲ. ಆದರೆ ಅಂದಿನಿಂದ ಅವಳು ಆ ಉಸಿರಿನ ಬಗ್ಗೆ ಹಾಸ್ಯ ಮಾಡುವುದನ್ನು ಬಿಟ್ಟಳು.

ಮಗಳಿಗೆ ಹೆಣ್ಣು ಮಗುವಾಯಿತು. ಬಾಣಂತನ ಮುಗಿಸಿ ಅವಳು ಬಸ್ಸಿನಲ್ಲಿಯೇ ಶಿರಹಟ್ಟಿಗೆ ಮರಳಿದಳು. ಆಗಲೂ ಅವರು ಹಿಂದೆ ಹೋಗಿ ಬಂದರು. ಆಮೇಲೆ ಹಬ್ಬಕ್ಕೆ ಬಂದಾಗಲೂ, ಹೋದಾಗಲೂ ಹಾಗೆಯೇ. ಆ ಗಾದಿಯನ್ನು ಮಾತ್ರ ಅವರು ತೆಗೆಯಲಿಲ್ಲ.

ನಾನು ಅನೇಕ ವರ್ಷ ಪ್ರಾಯಶ್ಚಿತ್ತ ಪ್ರಕರಣವನ್ನು ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೇನೆ. ಅದನ್ನು ಕಣ್ಣಾರೆ ಕಂಡದ್ದು ಅವರ ಗಾಡಿಯಲ್ಲಿ. ಆ ಋಣ ನನ್ನ ಮೇಲಿದೆ. ಈಗ ಬೇರೆ ಗಾಡಿ ಹತ್ತುವಾಗ ನನಗರಿವಿಲ್ಲದೆಯೇ ಮುಖ ಒಂದಿಷ್ಟು ಮುಂದಕ್ಕೆ ಬಾಗುತ್ತದೆ. “ಏನ್ರಿ ಅಜ್ಜಾರ?” ಎಂದು ಚಾಲಕ ಕೇಳುತ್ತಾನೆ. ಏನೂ ಇಲ್ಲವೆಂದು ಹೇಳಿ ಒಳಗೆ ಕುಳಿತುಕೊಳ್ಳುತ್ತೇನೆ.

ಅವರು ಹೋದದ್ದು ಒಂದು ಬೆಳಗ್ಗೆ, ಎದೆನೋವಿನಿಂದ, ಗದುಗಿನ ಆಸ್ಪತ್ರೆಯಲ್ಲಿ. ಜೊತೆಯ ಚಾಲಕರು ಅವರ ಟಂಟಂ ಅನ್ನೇ ಆಸ್ಪತ್ರೆಯ ಬಾಗಿಲಿಗೆ ತಂದು, ಆ ಗಾದಿಯನ್ನೇ ಹಾಸಿ, ಅದರ ಮೇಲೆ ಅವರನ್ನು ಮಲಗಿಸಿದರು. ಶಿರಹಟ್ಟಿಯ ಬಸ್ಸು ಇಳಿದು ಮಗಳು ಓಡುತ್ತ ಬಂದಳು. ಗಾಡಿಯ ಬಳಿ ಬಂದೊಡನೆ ಅವಳ ಕಾಲು ನಿಂತಿತು. ಬೇರೆ ಆಟೋ ಮಾಡಿ ಹಿಂದಿನಿಂದ ಕರೆತರುತ್ತೇವೆಂದು ಯಾರೋ ಹೇಳಿದರು. ಅವಳು ಬೇಡವೆಂದು ತಲೆಯಲ್ಲಾಡಿಸಿ, ಮಗುವನ್ನು ನನ್ನ ಕೈಗೆ ಕೊಟ್ಟಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಸೊಂಟ ಬಾಗಿಸಿ, ಮುಖವನ್ನು ತಂದೆಯ ತುಟಿಯ ಹತ್ತಿರಕ್ಕೆ ತಂದು ನಿಂತಳು. ಕಣ್ಣು ಮುಚ್ಚಿದ್ದಳು. ಕೊನೆಯ ಮುತ್ತಿಡುತ್ತಿದ್ದಾಳೆಂದು ನೆರೆದವರು ತಿಳಿದರು.

ಆಮೇಲೆ ಸೆರಗು ಸರಿಪಡಿಸಿಕೊಂಡು ಗಾಡಿ ಹತ್ತಿ, ತಂದೆಯ ತಲೆಯ ಬಳಿ ಕುಳಿತಳು. “ಚಾಲೂ ಮಾಡ್ರಿ,” ಎಂದಳು.