ಹನ್ನೊಂದು ಗಂಟೆಗೆ ಕಡಿಯುವ ಲೈನು

ಒಂದೇ ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಮಾತು ಬರಲಿಲ್ಲವೇನೋ ಎಂದು ನೀವು ಕನಿಕರಪಡಬೇಡಿ. ಮೀನಿನ ಚೌಕಾಸಿಯಲ್ಲಿ ನನ್ನ ನಾಲಿಗೆ ಯಾವ ಪದವೀಧರನಿಗೂ ಕಡಿಮೆಯಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಮಣಿಪಾಲದ ಒಂದು ಸಗಟು ಔಷಧಿ ಕಂಪೆನಿಯಲ್ಲಿ ನಾನು ಅಟೆಂಡರ್. ಅಲ್ಲಿ ಕಂಪ್ಯೂಟರಿಗೆ ಎ.ಸಿ. ಇತ್ತು, ನಮಗೆ ಫ್ಯಾನೂ ಇರಲಿಲ್ಲ. ದೇವರ ಕೋಣೆಗೂ ಬೂಟು ಹಾಕಿಯೇ ನುಗ್ಗುವಂತಿದ್ದ ಮ್ಯಾನೇಜರರು ಅದರ ಮುಂದೆ ಬರಿಗಾಲಲ್ಲಿ ನಿಲ್ಲುತ್ತಿದ್ದರು. ಯಾವ ಔಷಧಿ ಎಷ್ಟುಂಟು ಎಂಬ ಪಟ್ಟಿಯೆಲ್ಲ ಅದರ ಹೊಟ್ಟೆಯಲ್ಲಿ. ಕಾರ್ಕಳ ಶಾಖೆಯಲ್ಲಿ ನನ್ನ ತಂಗಿ ಸುಮತಿ ಒಂದು ಪರದೆಯ ಮುಂದೆ ಕುಳಿತು, ಟೆಲಿಫೋನ್ ಲೈನಿನ ಮೂಲಕ ಆ ಪಟ್ಟಿಯನ್ನು ತರಿಸಿಕೊಳ್ಳಬೇಕು. ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ದಿನಾ ಹನ್ನೊಂದಕ್ಕೆ ಲೈನು ಕಡಿಯುತ್ತಿತ್ತು. ಮ್ಯಾನೇಜರರು ದಾರಿಯಲ್ಲಿನ ಹಿರಿಯಡ್ಕದಲ್ಲಿ ತಂತಿಗೆ ತಾಗುವ ಮರಗಳನ್ನು ಬೈದು ಕೊಂಬೆ ಕಡಿಸಿದರು. ಮರವೇನು ಗಡಿಯಾರ ನೋಡಿ ತಂತಿ ಮುಟ್ಟುತ್ತದೆಯೇ ಎಂದು ಅಷ್ಟು ಓದಿದವರಲ್ಲಿ ಒಬ್ಬರೂ ಕೇಳಲಿಲ್ಲ. ಆಮೇಲೆ ಟೈ ಕಟ್ಟಿದ ಇಂಜಿನಿಯರ್ ಬಂದ. ವಯರು ಬದಲಿಸಿದ, ಪ್ರೋಗ್ರಾಮನ್ನು ಮಾರುದ್ದ ಕಾಗದದಲ್ಲಿ ಅಚ್ಚು ಹಾಕಿಸಿ ಕೆಂಪು ಪೆನ್ನಿನಿಂದ ಗೀಚಿದ, ಸಕ್ಕರೆ ಸಾಲದೆಂದು ನನ್ನ ಚಾ ವಾಪಸು ಕಳಿಸಿದ. ಕೊನೆಗೆ, "ಕಾರ್ಕಳದ ಹುಡುಗಿಗೆ ಗೊತ್ತಾಗುವುದಿಲ್ಲ, ಎಂತದೋ ತಪ್ಪು ಕೀ ಒತ್ತುತ್ತಾಳೆ" ಎಂದ. ಮ್ಯಾನೇಜರರು ಕೂಡಲೇ ಕಾರ್ಕಳಕ್ಕೆ ಫೋನ್ ಮಾಡಿ ಅವಳನ್ನು ಬೈದರು. ಮರ ಬೈಗುಳಕ್ಕೆ ಹೆದರಲಿಲ್ಲ, ಹುಡುಗಿ ಹೆದರುತ್ತಾಳಲ್ಲ.

ಆ ಲೈನಿಗೆ ಉಗ್ರಾಣದ ಮೂಲೆಯಲ್ಲಿ ಇನ್ನೊಂದು ಹಳೆಯ ಫೋನ್ ಇತ್ತು. ಎಲ್ಲರೂ ಮರೆತಿದ್ದರು, ನಾನೊಬ್ಬ ಬಿಟ್ಟು. ಉಚ್ಚಿಲದಲ್ಲಿ ದೋಣಿ ದಡ ಸೇರುವುದು ಹನ್ನೊಂದರ ಹೊತ್ತಿಗೆ. ಅಲ್ಲಿ ಅಂಗಡಿಯಿಟ್ಟ ಭಾವನಿಗೆ ಫೋನ್ ಮಾಡಿ "ಬಂಗುಡೆ ಬಂತಾ ಭಾವ?" ಎಂದು ಕೇಳದಿದ್ದರೆ ನನಗೆ ಮಧ್ಯಾಹ್ನವೇ ಆಗುತ್ತಿರಲಿಲ್ಲ. ರಿಸೀವರ್ ಎತ್ತಿದರೆ ಜೀರುಂಡೆಯಂತೆ ಏನೋ ಕಿರುಚುತ್ತಿತ್ತು. ರಿಸೀವರ್ ಇಡುವ ಗುಂಡಿಯನ್ನು ಎರಡು ಸಲ ಕುಕ್ಕಿದರೆ ಸುಮ್ಮನಾಗುತ್ತಿತ್ತು.

ಹೊರಡುವ ಮೊದಲು ಇಂಜಿನಿಯರ್ ಕೇಳಿದ: "ಈ ಲೈನಿಗೆ ಬೇರೆ ಫೋನ್ ಉಂಟಾ? ಎತ್ತಿದರೆ ಕೂಡಲೇ ಕಟ್."

"ಇಲ್ಲ ಸಾರ್" ಎಂದೆ. ಜೀರುಂಡೆಯಂತೆ ಕಿರುಚುತ್ತಿದ್ದದ್ದು ನನ್ನ ತಂಗಿಗೆ ಹೋಗುತ್ತಿದ್ದ ಪಟ್ಟಿ, ಅದನ್ನು ಕಡಿಯುತ್ತಿದ್ದವನು ನಾನು ಎಂದು ಅರ್ಥವಾದದ್ದೂ ಆಗಲೇ.

ಮರುದಿನದಿಂದ ಫೋನ್ ಮುಟ್ಟಲಿಲ್ಲ. ಲೈನು ಸರಿಯಾಯಿತು. "ನೋಡಿ, ಬೈದ ಮೇಲೆ ಸರಿಯಾಯಿತು. ಅಂದರೆ ತಪ್ಪು ಅವಳದ್ದೇ, ಅಲ್ವಾ?" ಎಂದರು ಮ್ಯಾನೇಜರರು. ನನ್ನ ಪ್ರಾಯಶ್ಚಿತ್ತವೇ ಅವಳ ಮೇಲಿನ ಸಾಕ್ಷಿಯಾಯಿತು.

ಭಾನುವಾರ ಮನೆಯಲ್ಲಿ ಸುಮತಿ, "ನಾನು ಎಂತ ತಪ್ಪು ಮಾಡ್ತಿದ್ದೆ ಅಂತ ಈಗಲೂ ಗೊತ್ತಿಲ್ಲ ಅಣ್ಣಾ. ಒಂದೊಂದು ಕೀ ಒತ್ತುವ ಮೊದಲೂ ಎರಡೆರಡು ಸಲ ನೋಡಿಕೊಳ್ತೇನೆ" ಎಂದಳು. ನಾನು ಬಂಗುಡೆಯ ಮುಳ್ಳು ಬಿಡಿಸುತ್ತಿದ್ದೆ.

ಸೋಮವಾರ ಮ್ಯಾನೇಜರರು ಒಂದು ಲಕೋಟೆ ಕೊಟ್ಟರು. "ಕಾರ್ಕಳಕ್ಕೆ ಕೊಟ್ಟು ಬಾ. ನಿನ್ನ ತಂಗಿಯನ್ನು ಕೆಲಸದಿಂದ ಬಿಡಿಸುವ ಕಾಗದ. ಬೇಜಾರು ಮಾಡಬೇಡ ಮಾರಾಯ."

ಗಡಿಯಾರ ನೋಡಿದೆ, ಹನ್ನೊಂದು. "ಒಂದು ನಿಮಿಷ ಬನ್ನಿ ಸಾರ್" ಎಂದು ಉಗ್ರಾಣಕ್ಕೆ ಕರೆದೊಯ್ದು, ಅವರ ಎದುರಿಗೇ ರಿಸೀವರ್ ಎತ್ತಿದೆ. ಜೀರುಂಡೆ ಕಿರುಚಿತು. ಕುಕ್ಕಿದೆ. ನಿಂತಿತು. ಮರಗಳನ್ನು ಬೈದಿದ್ದ ಮ್ಯಾನೇಜರರು ನನ್ನ ಕೈಯಿಂದ ಲಕೋಟೆ ವಾಪಸು ತೆಗೆದುಕೊಂಡರು.

ತುಸು ಹೊತ್ತಿಗೆ ಅದೇ ಫೋನ್ ರಿಂಗಾಯಿತು. ಎತ್ತಿದೆ. "ಸಾರ್, ಪುನಃ ಕಟ್ಟಾಯಿತು ಸಾರ್. ನಾನು ಎಂತದೂ ಮುಟ್ಟಲಿಲ್ಲ ಸಾರ್..."

"ನೀನಲ್ಲ ಸುಮತಿ, ನಾನು" ಎಂದೆ. "ಮೊದಲಿನಿಂದಲೂ ನಾನೇ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ತಪ್ಪಾಯಿತು ಮಾರಾಯ್ತಿ, ಕ್ಷಮಿಸು."